ಗರಿಯ ಕೆಳಗಿನ ಮೂಳೆ

ಕಲಾಶಾಲೆಯಲ್ಲಿ ನಾನು ಬರೆದದ್ದೆಲ್ಲ ಕಲೆಯೇ. ಕಾಗದಕ್ಕೆ ಅಂಟಿದ ಕಲೆ. ನಸೀಮಾ ಮೇಡಂ ಮೂಗಿನಲ್ಲೇ ರಾಗ ಎಳೆಯುತ್ತಿದ್ದರು: “ವಸೀಲಾ, ಇದು ಹಕ್ಕೀನೋ, ಕೊಕ್ಕಿರೋ ಬದನೇಕಾಯೋ? ಮೊದಲು ಮೂಳೆ, ಆಮೇಲೆ ಮಾಂಸ, ಗರಿ ಕೊನೇಗೆ. ಹಿಂದಕ್ಕೆ ಮಡಚಿರೋದು ಮಂಡಿ ಅಲ್ಲಮ್ಮ, ಹಿಮ್ಮಡಿ. ಮಂಡಿ ಗರಿಯೊಳಗೆ ಅವಿತಿರತ್ತೆ.” ಅದನ್ನು ಅವರದೇ ದನಿಯಲ್ಲಿ ಮನೆಯಲ್ಲಿ ಒಪ್ಪಿಸಿದರೆ ಅಜ್ಜ ಕೆಮ್ಮು ಬರುವಷ್ಟು ನಗುತ್ತಿದ್ದ. ಅವತ್ತು ನಗಲಿಲ್ಲ.

ಅವನು ಸಾಕಿದ ಮಕ್ನೀನ್ ಹಾಡು ನಿಲ್ಲಿಸಿತ್ತು. ಕೆಂಪು ಮುಖ, ರೆಕ್ಕೆಗೆ ಚಿನ್ನದ ಪಟ್ಟಿ, ಮುಷ್ಟಿಯಷ್ಟು ಹಕ್ಕಿ. ಆಲ್ಜಿಯರ್ಸ್‌ನ ನಮ್ಮ ಬೀದಿಯಲ್ಲಿ ಪಂಜರವಿಲ್ಲದ ಬಾಲ್ಕನಿಯಿಲ್ಲ. ಅಜ್ಜಿ ಹೋದಮೇಲೆ ಅಜ್ಜ ಹಾಸಿಗೆ ಬಿಟ್ಟು ಏಳುತ್ತಿದ್ದದ್ದೇ ಇದರ ಹಾಡಿಗೆ. ಗರಿ ಉದುರುವ ಕಾಲದಲ್ಲಿ ಮಕ್ನೀನ್ ಹಾಡುವುದಿಲ್ಲ. ಪಂಜರಕ್ಕೆ ಬಟ್ಟೆ ಹೊದಿಸಿ, ಕೆಣಕದೆ ಬಿಡುವುದು ರೂಢಿ. ಅಜ್ಜನೂ ಹೊದಿಸಿದ್ದ. ಕೊನೆಗೆ ಬಟ್ಟೆ ತೆಗೆದಾಗ ಹಕ್ಕಿ ಗುಂಡಗೆ ಕೂತಿತ್ತು.

“ದಪ್ಪ ಆಗಿದ್ದಾನಲ್ಲ ಅಜ್ಜಾ!”

ಅಜ್ಜ ಅದನ್ನು ಅಂಗೈಯಲ್ಲಿ ಮಲಗಿಸಿ, ಹಕ್ಕಿ ಸಾಕುವವರೆಲ್ಲ ಮಾಡುವಂತೆ, ಎದೆಯ ಮೇಲೆ ಉಫ್ ಎಂದು ಊದಿದ. ಗರಿ ಸರಿಯಿತು. ಎದೆಮೂಳೆ ಚಾಕುವಿನ ಅಲಗಿನಂತೆ ಎದ್ದಿತ್ತು.

“ಗರಿ ಉದುರ್ತಿದೆ ಅಂದ್ಕೊಂಡು ಮುಚ್ಚಿಟ್ಟೆ ಮಗಳೇ. ಒಳಗೆ ಇವನೇ ಉದುರ್ತಿದ್ದ.”

ಪಕ್ಕದ ಮನೆಯ ಹಮೀದ್ ಬಂದ. “ನೀರಿಗೆ ಬೆಳ್ಳುಳ್ಳಿ ಹಾಕಿ ಯಜಮಾನ್ರೇ. ನಂದು ಅದ್ರಲ್ಲೇ ಬದುಕ್ತು.”

“ನಿಂದು ಬದುಕ್ತೋ, ವಾಸನೆಗೆ ಸಾವೇ ಹತ್ರ ಬರ್ಲಿಲ್ವೋ?” ಎಂದ ಅಜ್ಜ. ಬೈಯುತ್ತಲೇ ಬೆಳ್ಳುಳ್ಳಿ ಜಜ್ಜಿದ. ವೈದ್ಯರೂ ಹನಿ ಔಷಧಿ ಕೊಟ್ಟರು, ಭರವಸೆ ಕೊಡಲಿಲ್ಲ.

ದಿನವೂ ಅಜ್ಜ ಊದುತ್ತಿದ್ದ, ನಾನು ಬರೆಯುತ್ತಿದ್ದೆ. ಬೇರೇನು ಮಾಡಲಿ? ಅದರ ಹಾಡನ್ನೇ ಸಿಳ್ಳೆ ಹಾಕಿದೆ. ಹಕ್ಕಿ ಕತ್ತು ತಿರುಗಿಸಿತು, ಕೊಕ್ಕು ತೆರೆಯಿತು, ಬಾಲ ಅದುರಿತು. ಸದ್ದು ಬರಲಿಲ್ಲ. ಮತ್ತೆ ಸಿಳ್ಳೆ ಹಾಕಲು ನನಗೆ ಧೈರ್ಯವಾಗಲಿಲ್ಲ.

ಮೇಡಂ ನನ್ನ ಹಾಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿದರು. “ನೋಡ್ರೋ, ಈಗ ಮೂಳೆ ಕಾಣ್ತಿದೆ! ಎಲ್ಲಿ ಕಲಿತೆ ವಸೀಲಾ?” ಆ ಮಾತನ್ನು ಮನೆಯಲ್ಲಿ ಒಪ್ಪಿಸಲಿಲ್ಲ.

ಶುಕ್ರವಾರ ಹಕ್ಕಿ ಕೋಲಿನ ಮೇಲೆ ನಿಲ್ಲಲಾರದೆ ಪಂಜರದ ತಳಕ್ಕೆ ಇಳಿಯಿತು. ಅಜ್ಜ ನನ್ನ ಮುಂದೆ ಖಾಲಿ ಹಾಳೆ ಇಟ್ಟ.

“ಹಾಡ್ತಿದ್ದಾಗ ಹೇಗಿದ್ನೋ ಹಾಗೆ ಬರ್ಕೊಡು. ತುಂಬ್ಕೊಂಡು, ಗುಂಡಗೆ.”

ಹೊಟ್ಟೆಗೆ ಗುಂಡನೆಯ ಗೆರೆ ಎಳೆದೆ. ಪೆನ್ಸಿಲ್ ತಾನಾಗಿ ಒಳಕ್ಕೆ ಸರಿದು ಮೂಳೆ ಹುಡುಕಿತು. ಅಳಿಸಿದೆ. ಮತ್ತೆ ಎಳೆದೆ. ಮತ್ತದೇ ಅಲಗು.

“ಯಾಕೆ ಅಳಿಸ್ತೀಯ?”

“ಬರ್ತಿಲ್ಲ ಅಜ್ಜಾ.”

“ಅಷ್ಟು ಕಲ್ತಿದ್ದೀಯಲ್ಲೇ.”

ಅಜ್ಜ ಹಕ್ಕಿಯನ್ನು ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡ. “ನಿಧಾನಕ್ಕೆ ಬರಿ, ನಾವಿಬ್ರೂ ಕೂತಿರ್ತೀವಿ” ಎಂದ. ನಾನು ಚೂಪಾಗಿದ್ದ ಪೆನ್ಸಿಲನ್ನೇ ಚೂಪು ಮಾಡುತ್ತ ಕೂತೆ.