ಗಾಳಿಕಿಂಡಿಗೆ ತುರುಕಿದ ಸ್ಪಂಜು

ಬಾಡಿಗೆ ಮನೆ ಹುಡುಕಿ ಅಲೆದವರಿಗೆ ಈ ಕಥೆಯ ಮೊದಲ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್ಡು ಕಂಡು ಓಡಿದರೆ, ಮುಂಗಡ ಕೊಟ್ಟವರು ಆಗಲೇ ಮೆಟ್ಟಿಲು ಇಳಿದು ಬರುತ್ತಿರುತ್ತಾರೆ. ನಮ್ಮ ಕೈಗೆಟುಕುವ ಮನೆಯಲ್ಲಿ ನೀರಿರುವುದಿಲ್ಲ, ನೀರಿದ್ದರೆ ಬೆಳಕಿರುವುದಿಲ್ಲ. ಎರಡೂ ಇದ್ದರೆ ಮಾಲೀಕರಿಗೆ ನಮ್ಮ ಮುಖವೇ ಹಿಡಿಸುವುದಿಲ್ಲ.

ಒಬ್ಬ ದರ್ಜಿ, ಅವನ ಹೆಂಡತಿ, ಹೆಂಡತಿಯ ತಾಯಿ ಹೀಗೇ ಅಲೆದು ಅಲೆದು ಸುಸ್ತಾಗಿದ್ದರು. ಕೊನೆಗೆ ಮೂರನೇ ಮಹಡಿಯಲ್ಲಿ ಒಂದು ಮನೆ ಸಿಕ್ಕಿತು. ಮನೆ ಎನ್ನುವುದಕ್ಕಿಂತ ಅರ್ಧ ಮನೆ ಎನ್ನಬೇಕು. ಬಾಡಿಗೆ ಏರಿದ್ದು ನೋಡಿ ಮಾಲೀಕರು ತಮ್ಮ ದೊಡ್ಡ ಮನೆಯ ನಡುವೆ ಹಲಗೆಯ ಗೋಡೆ ಎಬ್ಬಿಸಿ, ಮುಂದಿನ ಭಾಗ ತಮಗೆ ಇಟ್ಟುಕೊಂಡು, ಹಿಂದಿನ ಭಾಗವನ್ನು ಬಾಡಿಗೆಗೆ ಬಿಟ್ಟಿದ್ದರು. ಹಿಂದೊಂದು ಬಾಲ್ಕನಿ ಇತ್ತು. ಅದನ್ನೂ ಗಾಜು ಹಾಕಿ ಮುಚ್ಚಿಸಿ, ಒಂದು ಮಂಚ ಇಟ್ಟು, ಇದು ನಿಮ್ಮ ಎರಡನೇ ರೂಮು ಎಂದರು. ಗಾಜಿನ ಮೇಲೆ ಒಂದು ಗೇಣಗಲದ ಗಾಳಿಕಿಂಡಿ ಬಿಟ್ಟಿದ್ದರು, ಅದೇ ದೊಡ್ಡ ಉಪಕಾರ.

ಬಚ್ಚಲಿನ ಬಾಗಿಲು ಆ ಬಾಲ್ಕನಿಗೇ ತೆರೆಯುತ್ತಿತ್ತು, ಬಾಲ್ಕನಿಯ ಗೋಡೆಯ ಮೇಲೆ ಗ್ಯಾಸ್ ಗೀಸರ್ ಇತ್ತು. ಬಾಲ್ಕನಿ ತೆರೆದಿದ್ದಾಗ ಹಾಕಿಸಿದ್ದು. ಆಗ ಅದು ಉರಿದ ಗಾಳಿಯೆಲ್ಲ ಬಯಲಿಗೆ ಹೋಗುತ್ತಿತ್ತು. ಈಗ ಎಲ್ಲಿಗೆ ಹೋಗುತ್ತದೆ ಎಂದು ಮಾಲೀಕರು ಯೋಚಿಸಲಿಲ್ಲ, ಬಂದವರು ಕೇಳಲಿಲ್ಲ. ಮನೆ ಸಿಕ್ಕಿದ ಖುಷಿಯಲ್ಲಿ ಯಾರು ಕೇಳುತ್ತಾರೆ ಹೇಳಿ. ಅಜ್ಜಿಗಂತೂ ನಲ್ಲಿ ತಿರುಗಿಸಿದರೆ ಬಿಸಿನೀರು ಬರುವುದೇ ದೊಡ್ಡ ಸಿರಿತನವಾಗಿ ಕಂಡಿತು. ಹೆಂಡತಿಯ ತಾಯಿಯನ್ನು ಕಟ್ಟಡದವರೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದರು.

ಮಾಲೀಕರದು ಒಂದೇ ಷರತ್ತು. ಮನೆ ವಾಸಕ್ಕೆ, ಕಸುಬಿಗಲ್ಲ. ಮಿಷಿನ್ನಿನ ಸದ್ದು ಕಿವಿಗೆ ಬಿದ್ದರೆ ಅವತ್ತೇ ಖಾಲಿ ಮಾಡಬೇಕು. ದರ್ಜಿ ತಲೆಯಾಡಿಸಿ ಬೀಗದ ಕೈ ಇಸಿದುಕೊಂಡ. ಆದರೆ ಅವನ ಅಂಗಡಿಯ ಬಾಡಿಗೆಯೂ ಏರಿ, ಅಂಗಡಿ ಆಗಲೇ ಕೈಬಿಟ್ಟು ಹೋಗಿತ್ತು. ಮನೆಯಲ್ಲಿ ಹೊಲಿಯದಿದ್ದರೆ ಹೊಟ್ಟೆಗೆ ಏನು ಮಾಡುವುದು?

ಅವನು ಮಿಷಿನ್ನನ್ನು ಗಾಜಿನ ರೂಮಿನಲ್ಲಿ ಇಟ್ಟು, ಕೆಳಗೆ ಹಳೆಯ ಹಾಸಿಗೆ ಮಡಿಸಿ ಹಾಕಿದ. ಸದ್ದು ಕಿಂಡಿಯಿಂದ ಪಕ್ಕದಲ್ಲೇ ಇದ್ದ ಮಾಲೀಕರ ಕಿಟಕಿಗೆ ಹೋಗುತ್ತದೆಂದು ಸೋಫಾ ರಿಪೇರಿಯವನ ಹತ್ತಿರ ದಪ್ಪ ಸ್ಪಂಜು ತಂದ. ಕಿಂಡಿಯ ಅಳತೆ ತೆಗೆದು, ಕತ್ತರಿಸಿ, ಗೋಡೆಯ ಬಣ್ಣದ್ದೇ ಬಟ್ಟೆಯ ಗವಸು ಹೊಲಿದು, ಒಂದು ನೂಲಿನಷ್ಟೂ ಸಂದಿಲ್ಲದಂತೆ ತುರುಕಿದ. ಬಾಗಿಲಿನ ಅಂಚಿಗೂ ಪಟ್ಟಿ ಅಂಟಿಸಿದ. ಕೆಲಸದಲ್ಲಿ ಅವನು ಅಷ್ಟು ಅಚ್ಚುಕಟ್ಟು. ಆ ಸ್ಪಂಜಿನ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಸ್ವಲ್ಪ ದಿನಕ್ಕೆ ಮೂವರಿಗೂ ತಲೆನೋವು ಶುರುವಾಯಿತು. ದರ್ಜಿ ಅದು ಸೂಜಿ ನೋಡಿ ನೋಡಿ ಬಂದದ್ದು ಎಂದುಕೊಂಡ. ಹೆಂಡತಿ ಲಾಂಡ್ರಿಯಲ್ಲಿ ಹೋಟೆಲುಗಳ ಚಾದರ ಮಡಿಸುವ ಕೆಲಸದವಳು, ಅವಳು ಅದನ್ನು ದಣಿವೆಂದುಕೊಂಡಳು. ಗಾಜಿನ ರೂಮಿನಲ್ಲೇ ಮಲಗುತ್ತಿದ್ದ ಅಜ್ಜಿಗೆ ತಲೆಸುತ್ತು, ವಾಂತಿ. ಅದಕ್ಕೆ ವಯಸ್ಸು ಎಂಬ ಹೆಸರು ಸಿದ್ಧವಾಗಿಯೇ ಇತ್ತು. ಬಾಡಿಗೆ ಜಾಸ್ತಿಯಾಯಿತೆಂದು ಮಾಲೀಕರು ತಲೆನೋವನ್ನು ಪುಕ್ಕಟೆ ಸೇರಿಸಿ ಕೊಟ್ಟಿದ್ದಾರೆ ಎಂದು ಅಜ್ಜಿ ತಮಾಷೆ ಮಾಡುತ್ತಿದ್ದಳು.

ವಯಸ್ಸಾದವರ ಬಿ.ಪಿ. ನೋಡಲು ಬೀದಿಯ ಆರೋಗ್ಯ ಕೇಂದ್ರದಿಂದ ಒಬ್ಬ ನರ್ಸ್ ಮನೆಮನೆಗೆ ಬರುತ್ತಿದ್ದಳು. ಅಜ್ಜಿಯ ಬಿ.ಪಿ. ಸರಿಯಾಗಿಯೇ ಇತ್ತು. ಹಾಗಾದರೆ ಈ ತಲೆಸುತ್ತು ಏಕೆ ಎಂದು ಅವಳು ಕೇಳುತ್ತಾ ಹೋದಳು. ಮನೆಯಲ್ಲಿ ಉಳಿದವರಿಗೂ ಇದೆ ಎಂದು ತಿಳಿದ ಮೇಲೆ ಅಜ್ಜಿಯ ಮಗಳ ಕಡೆ ತಿರುಗಿದಳು.

"ಕೆಲಸಕ್ಕೆ ಹೋದ್ರೆ ನಿಮ್ಮ ತಲೆನೋವು ಕಮ್ಮಿ ಆಗುತ್ತಾ?"

"ಹೌದು ಸಿಸ್ಟರ್. ಬಸ್ಸಿಳಿಯೋ ಹೊತ್ತಿಗೆ ಹೋಗಿರುತ್ತೆ. ಮನೆಗೆ ಬಂದ್ರೆ ಮತ್ತೆ ಹಿಡ್ಕೊಳುತ್ತೆ."

ನರ್ಸ್ ಎದ್ದು ಮನೆಯೆಲ್ಲ ನೋಡಿದಳು. ಗೀಸರ್ ಹಚ್ಚಿಸಿದಳು. ನೀಲಿಯಾಗಿ ಉರಿಯಬೇಕಾದ ಬೆಂಕಿ ಹಳದಿಯಾಗಿತ್ತು, ಮೇಲೆ ಗೋಡೆ ಕಪ್ಪಾಗಿತ್ತು. ತಕ್ಷಣ ಆರಿಸಿ, ಕಿಂಡಿಯ ಸ್ಪಂಜನ್ನು ಎಳೆದು ತೆಗೆದಳು. ಸೊಗಸಾದ ಹೊಲಿಗೆ ನೆಲಕ್ಕೆ ಬಿದ್ದಾಗ ದರ್ಜಿ ಮುಖ ಗಂಟಿಕ್ಕಿದ.

"ಗ್ಯಾಸ್ ಉರಿಯೋಕೆ ಗಾಳಿ ಬೇಕು," ಎಂದಳು ನರ್ಸ್. "ಗಾಳಿ ಸಾಲದೆ ಹೋದ್ರೆ ವಿಷದ ಗಾಳಿ ಹುಟ್ಟುತ್ತೆ. ಕಾರ್ಬನ್ ಮೊನಾಕ್ಸೈಡ್ ಅಂತಾರೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೆಮ್ಮೂ ಬರಲ್ಲ."

"ಗ್ಯಾಸ್ ಸೋರಿದ್ರೆ ನಾತ ಬರಲ್ವಾ ಸಿಸ್ಟರ್? ನಮಗೆ ಯಾವತ್ತೂ ಬಂದಿಲ್ಲ," ಎಂದ ದರ್ಜಿ.

"ಅದು ಸೋರೋ ಗ್ಯಾಸಿನ ನಾತ. ಇದು ಉರಿದ ಮೇಲೆ ಬರೋದು, ಗೊತ್ತೇ ಆಗಲ್ಲ. ಮನೇಲಿ ಜಾಸ್ತಿ ಹೊತ್ತು ಇರೋರನ್ನ ಮೊದಲು ಹಿಡಿಯುತ್ತೆ."

ಎಲ್ಲರೂ ಅಜ್ಜಿಯ ಕಡೆ ನೋಡಿದರು.

ಗೀಸರನ್ನು ಪೂರ್ತಿ ಬಯಲಿಗೆ ಹಾಕಿಸುವ ತನಕ ಒಮ್ಮೆಯೂ ಹಚ್ಚಬೇಡಿ, ಅಜ್ಜಿಯ ಮಂಚ ಇಲ್ಲಿಂದ ತೆಗೆಯಿರಿ, ಅಜ್ಜಿಯನ್ನು ಇವತ್ತೇ ಆಸ್ಪತ್ರೆಯಲ್ಲಿ ತೋರಿಸಿ ಎಂದು ನರ್ಸ್ ಖಡಾಖಂಡಿತವಾಗಿ ಹೇಳಿದಳು. ತಾನೇ ಮಾಲೀಕರೊಂದಿಗೆ ಮಾತಾಡುವುದಾಗಿಯೂ ಹೇಳಿದಳು. ದರ್ಜಿ ಕೈಮುಗಿದ. ಮಾಲೀಕರು ಒಳಗೆ ಬಂದರೆ ಮಿಷಿನ್ ಕಾಣುತ್ತದೆ, ಮಿಷಿನ್ ಕಂಡರೆ ಬೀದಿಗೆ ಬೀಳುತ್ತೇವೆ ಎಂದ. ಒಪ್ಪಿಕೊಂಡಿರುವ ಶಾಲೆಯ ಯೂನಿಫಾರಂ ಹೊಲಿದು ಕೊಟ್ಟು ಮುಗಿಸುವವರೆಗೆ ಸ್ವಲ್ಪ ದಿನ ಅವಕಾಶ ಕೊಡಿ ಎಂದು ಬೇಡಿಕೊಂಡ. ಗೀಸರ್ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಅವಳು ಒಲ್ಲದ ಮನಸ್ಸಿನಿಂದ, ಮುಂದಿನ ವಾರ ನೋಡುತ್ತೇನೆ, ಆಮೇಲೆ ನಿಮ್ಮನ್ನು ಕೇಳುವುದಿಲ್ಲ ಎಂದು ಹೋದಳು.

ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದರು. ಅಲ್ಲಿಯೂ ಅದೇ ಮಾತು ಹೇಳಿ ಕಳಿಸಿದರು. ಮಗಳಿಗೆ ಪೂರ್ತಿ ನಂಬಿಕೆ ಬಂದಿತ್ತು. ಈ ಮನೆಯೇ ಬೇಡ, ಬಿಡೋಣ ಎಂದಳು. ಬಿಟ್ಟು ಎಲ್ಲಿಗೆ ಹೋಗುವುದು ಎಂದು ಗಂಡ ರೇಗಿದ. ಈ ಬಾಡಿಗೆಗೆ ಊರ ಹೊರಗೂ ಒಂದು ಗೂಡು ಸಿಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ತಣ್ಣೀರಿನ ಸ್ನಾನದಿಂದ ಅಜ್ಜಿಯ ಮಂಡಿ ಹಿಡಿದುಕೊಂಡಿತು. ಮಿಷಿನ್ನಿನ ಸದ್ದಿಗೆ ಹೆದರಿ ಸ್ಪಂಜನ್ನು ಮತ್ತೆ ಕಿಂಡಿಗೆ ತುರುಕಿದ್ದ ದರ್ಜಿ ಆಗ ತನ್ನದೇ ಒಂದು ಉಪಾಯ ಹೂಡಿದ.

"ಗೀಸರ್ ಹಾಕೋವಾಗ ಸ್ಪಂಜು ತೆಗೀಬೇಕು. ಮಿಷಿನ್ ತುಳಿಯೋವಾಗ ಗೀಸರ್ ಹಾಕಬಾರದು. ಎರಡೂ ಒಟ್ಟಿಗೆ ಬೇಡ, ಅಷ್ಟೇ ತಾನೆ?"

ಅಷ್ಟೇ ಅಲ್ಲ, ಒಮ್ಮೆಯೂ ಹಚ್ಚಬೇಡಿ ಎಂದಿದ್ದಾರೆ ಎಂದು ಹೆಂಡತಿ ನೆನಪಿಸಿದಳು. ಅವರು ಹಾಗೇ ಹೇಳುತ್ತಾರೆ, ಅವರಿಗೇನು ಸ್ವಂತ ಮನೆ ಇರಬೇಕು ಎಂದು ಅವನು ಮಾತು ಮುಗಿಸಿದ. ಅಂತಹ ಅರೆಬರೆ ಉಪಾಯಗಳನ್ನು ನಾವೆಲ್ಲರೂ ಮಾಡುತ್ತೇವೆ, ಅದಕ್ಕೇ ಈ ಕಥೆ ಬರೆಯಬೇಕಾಯಿತು.

ಯೂನಿಫಾರಂ ಕೊಡುವ ದಿನ ಬಂತು. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ದರ್ಜಿ ಬೆಳಗಿನಿಂದ ಮಿಷಿನ್ ತುಳಿದು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೊನೆಯ ಅಂಗಿಗಳನ್ನು ಮಡಿಸುತ್ತಿದ್ದ. ಹೊರಗೆ ಚಳಿ ಕೊರೆಯುತ್ತಿತ್ತು. ಅಜ್ಜಿ ಟವೆಲ್ ಹಿಡಿದು ಬಂದಳು.

"ಅಳಿಯಂದ್ರೆ, ಸ್ಪಂಜು ತೆಗೆದ್ರಾ? ಸ್ವಲ್ಪ ಬಿಸಿನೀರು ಹುಯ್ಕೋತೀನಿ."

"ಹೂಂ," ಎಂದ ಅವನು. ಅವನ ಗಮನವೆಲ್ಲ ಅಂಗಿಗಳ ಗಂಟಿನ ಮೇಲಿತ್ತು. ತೆಗೆಯಬೇಕು ಎಂದುಕೊಂಡದ್ದು ನಿಜ. ಗಂಟು ಹೊತ್ತು ಮೆಟ್ಟಿಲು ಇಳಿಯುವಾಗ ಅದು ತಲೆಯಲ್ಲಿ ಇರಲೇ ಇಲ್ಲ.

ಮಧ್ಯಾಹ್ನ ಮಗಳು ಬಂದು ಬಾಗಿಲು ತೆಗೆದಾಗ ಬಚ್ಚಲಲ್ಲಿ ನೀರು ಹರಿಯುತ್ತಲೇ ಇತ್ತು. ಗೀಸರ್ ಉರಿಯುತ್ತಿತ್ತು. ಅಜ್ಜಿ ಬಚ್ಚಲ ಬಾಗಿಲಿನಲ್ಲಿ ಬಿದ್ದಿದ್ದಳು, ಮೈಗೆ ಸೀರೆ ಅರ್ಧ ಸುತ್ತಿಕೊಂಡಿದ್ದಳು. ಹೊರಗೆ ಹೋಗಲು ನೋಡಿದ್ದಳೆಂದು ಕಾಣುತ್ತದೆ. ಮಗಳು ಗೀಸರ್ ಆರಿಸಿ, ಕಿಟಕಿ ಬಾಗಿಲು ತೆರೆದು, ತಾಯಿಯನ್ನು ಮೆಟ್ಟಿಲಿನವರೆಗೆ ಎಳೆದು ತಂದಳು. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ವೈದ್ಯರು ತುಂಬ ತಡವಾಯಿತು ಎಂದರು.

ದರ್ಜಿ ಅಲ್ಲಿಗೆ ಓಡಿ ಬಂದ. ಹೆಂಡತಿ ಅವನನ್ನು ಬೈಯಲಿಲ್ಲ. ಸ್ಪಂಜು ಕಿಂಡಿಯಲ್ಲೇ ಇತ್ತು ರೀ ಎಂದಷ್ಟೇ ಹೇಳಿದಳು. ಅತ್ತೆ ಕೇಳಿದಾಗ ಹೂಂ ಅಂದೆ ಎಂದು ಅವನು ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ.

ಪೊಲೀಸರು ಬಂದರು, ಮಾಲೀಕರನ್ನು ವಿಚಾರಿಸಿದರು, ಗ್ಯಾಸಿನ ಸಂಪರ್ಕ ಕಿತ್ತರು. ದರ್ಜಿಯ ಕುಟುಂಬ ನೆಂಟರ ಮನೆಯ ಹಜಾರದಲ್ಲಿ ಸಾಮಾನು ಇಳಿಸಿತು. ಉಳಿದ ಸಾಮಾನು ಒಯ್ಯಲು ದರ್ಜಿ ಬಂದ ದಿನವೇ ಬ್ರೋಕರ್ ಆ ಮನೆ ತೋರಿಸಲು ಗಂಡ ಹೆಂಡತಿ ಇಬ್ಬರನ್ನು ಕರೆತಂದಿದ್ದ. ಹೆಂಗಸಿನ ಕಂಕುಳಲ್ಲಿ ಕೂಸು ಇತ್ತು. ಹೊಸ ಗೀಸರ್ ಇದೇ ಜಾಗದಲ್ಲಿ ಬರುತ್ತದೆ, ಮಗುವಿಗೆ ಬಿಸಿನೀರಿಗೆ ಯೋಚನೆಯಿಲ್ಲ ಎಂದು ಬ್ರೋಕರ್ ಹೇಳುತ್ತಿದ್ದ.

ದರ್ಜಿ ಪೆಟ್ಟಿಗೆ ಕೆಳಗಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದ. ತನ್ನ ಹೂಂ ಎಂಬ ಮಾತನ್ನೂ ಬಿಡಲಿಲ್ಲ. ಬ್ರೋಕರ್ ಬಾಯಿ ಮುಚ್ಚಿಸಲು ನೋಡಿದ. ಕೇಳಿಸಿಕೊಂಡ ಗಂಡಸು ತಲೆ ತಗ್ಗಿಸಿ, "ಹುಷಾರಾಗಿ ಇರ್ತೀವಿ ಬಿಡಿ ಅಣ್ಣ. ಈ ಬಾಡಿಗೆಗೆ ಬೇರೆ ಎಲ್ಲಿ ಸಿಗುತ್ತೆ?" ಎಂದ.

"ನಾನೂ ಇದೇ ಮಾತು ಹೇಳಿದ್ದೆ," ಎಂದ ದರ್ಜಿ.

ಹೆಂಗಸು ಗಾಜಿನ ರೂಮನ್ನು ಮತ್ತೊಮ್ಮೆ ನೋಡಿದಳು. ಕೂಸಿನ ತಲೆಯ ಮೇಲೆ ಸೆರಗು ಎಳೆದು, ಗಂಡನಿಗೆ ಕಾಯದೆ ಮೆಟ್ಟಿಲು ಇಳಿದಳು. ಸ್ವಲ್ಪ ಹೊತ್ತಿಗೆ ಅವನೂ ಇಳಿದ.

ಓದುತ್ತಿರುವ ಅಕ್ಕ, ಅಣ್ಣ, ನೀವೂ ನಾಳೆ ಮನೆ ನೋಡಲು ಹೋಗಬಹುದು. ಬಾಡಿಗೆ ಎಷ್ಟು ಎಂದು ಕೇಳುವ ಬಾಯಲ್ಲೇ ಗೀಸರ್ ಎಲ್ಲಿದೆ, ಅದು ಉರಿದ ಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ ಎಂದೂ ಕೇಳಿ. ಬಚ್ಚಲಿನಲ್ಲಿ, ಮುಚ್ಚಿದ ಬಾಲ್ಕನಿಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಹಚ್ಚಬೇಡಿ. ಕಿಂಡಿ ತೆರೆದಿದೆ, ಸ್ವಲ್ಪ ಹೊತ್ತು ತಾನೆ ಎನ್ನಬೇಡಿ. ಮನೆಯವರಿಗೆಲ್ಲ ತಲೆನೋವು, ತಲೆಸುತ್ತು ಬಂದು ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಒಲೆ, ಗೀಸರ್ ಆರಿಸಿ, ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕರೆದು ತನ್ನಿ. ಆಸ್ಪತ್ರೆಗೆ ಹೋಗಿ. ಮಾಲೀಕರು ಏನೆನ್ನುತ್ತಾರೋ ಎಂಬ ಭಯ ನಿಮಗಿದೆ ಎಂದು ನಮಗೆ ಗೊತ್ತು. ಒಬ್ಬರೇ ಹೇಳಲು ಅಂಜಿಕೆಯಾದರೆ ಕಟ್ಟಡದ ನಾಲ್ಕು ಮನೆಯವರು ಕೂಡಿ ಹೋಗಿ, ನರ್ಸನ್ನು ಜೊತೆಗೆ ಕರೆದುಕೊಳ್ಳಿ.

ಈ ಹಾಳೆಯನ್ನು ಮಡಿಸಿಡುವ ಮೊದಲು ಎದ್ದು, ನಿಮ್ಮ ಗೀಸರ್ ಇರುವ ಜಾಗವನ್ನು ಒಮ್ಮೆ ನೋಡಿ ಬನ್ನಿ. ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವ ಹಿರಿಯರಿದ್ದರೆ ಇವತ್ತೇ ನೋಡಿ.