ಮಾರ್ಟಿನ್ ಊಟ ಬಿಟ್ಟ ಚಳಿಗಾಲ

ಮಾರ್ಟಿನ್ ಊಟ ಬಿಟ್ಟ ಮೇಲೆ ಸವೇತಳಿಗೂ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಮಾರ್ಟಿನ್ ಎಂದರೆ ಕರಡಿ. ಕಾರ್ಪಾಥಿಯನ್ ಬೆಟ್ಟದ ಹೆದ್ದಾರಿ ಬದಿಯ ಹೋಟೆಲೊಂದರ ಪಂಜರದಲ್ಲಿ, ಗಿರಾಕಿಗಳು ಎಸೆದ ಬ್ರೆಡ್ಡು, ಬಿಯರು, ಸಕ್ಕರೆ ತಿಂದೇ ಮುದುಕನಾದವನು. ಕಾಡಿನ ಕರಡಿಗಳೆಲ್ಲ ಹಿಮ ಬಿದ್ದೊಡನೆ ಗವಿ ಸೇರಿ ಮಲಗಿದರೆ ಇವನಿಗೆ ಜೂನೂ ಒಂದೇ, ಡಿಸೆಂಬರೂ ಒಂದೇ. ಒಂದು ಚಳಿಗಾಲವೂ ಮಲಗಿದವನಲ್ಲ. ಸವೇತ ಆ ಹೋಟೆಲಿನ ಅಡುಗೆಯವಳು. ಹೋಟೆಲು ಮುಚ್ಚಿ ಮಾರ್ಟಿನ್‌ನನ್ನು ಕರಡಿಗಳ ಆಶ್ರಯಧಾಮಕ್ಕೆ ಸಾಗಿಸಿದಾಗ ಅವಳೂ ಹಿಂದೆಯೇ ಹೋದಳು, ಏಕೆಂದರೆ ಅವನು ಬೇರೆಯವರ ಕೈಯಿಂದ ಏನೂ ತಿನ್ನುತ್ತಿರಲಿಲ್ಲ. ಗಂಡ ಸತ್ತಾಗ ಅಳದವಳು ಕರಡಿ ಲಾರಿ ಹತ್ತಿದಾಗ ಅತ್ತಳು ಎಂದು ಜನ ನಕ್ಕರು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಆಶ್ರಯಧಾಮದ ಪಶುವೈದ್ಯೆ ರುಕ್ಸಾಂದ್ರ ಮಾತ್ರ ನಗಲಿಲ್ಲ. ಬೇಸಿಗೆಯಲ್ಲೇ ಹೇಳಿದ್ದಳು: "ಇವನ ಕಿಡ್ನಿ ಹೋಗಿದೆ ಚಿಕ್ಕಮ್ಮ. ಇನ್ನೊಂದು ವರ್ಷ ನೋಡೋದು ಕಷ್ಟ. ಸಾಯೋಕೆ ಮುಂಚೆ ಒಂದೇ ಒಂದು ಚಳಿಗಾಲ ಕರಡಿ ಹಾಗೆ ಮಲಗ್ಲಿ, ಪಾಪ."

ಸವೇತಳಿಗೂ ಅದೊಂದೇ ಆಸೆಯಾಯಿತು. ಎಲೆ ಉದುರುವ ಕಾಲಕ್ಕೆ ಮಾರ್ಟಿನ್ ಬಕಾಸುರನಾದ. ಸೇಬು, ಓಕ್ ಕಾಯಿ, ಜೋಳ ಎಷ್ಟು ಸುರಿದರೂ ಸಾಲದು.

"ಇವನಿಗೆ ಸಾಕು ಅನ್ನೋದೇ ಗೊತ್ತಿಲ್ವಾ ಡಾಕ್ಟ್ರೇ?"

"ಗೊತ್ತಾಗಬಾರದು ಈಗ. ಕೊಬ್ಬಿಂದ ಒಂದು ಹಾರ್ಮೋನು ಬರುತ್ತೆ, ಲೆಪ್ಟಿನ್ ಅಂತ. ‘ಸಾಕು, ನಿಲ್ಲಿಸು’ ಅಂತ ಮಿದುಳಿಗೆ ಹೇಳೋದೇ ಅದರ ಕೆಲಸ. ಈ ಕಾಲದಲ್ಲಿ ಮಿದುಳು ಅದನ್ನ ಕಿವಿಗೇ ಹಾಕ್ಕೊಳಲ್ಲ. ಚಳಿ ಬಂದ್ಮೇಲೆ ಕೇಳಿಸ್ಕೊಳುತ್ತೆ. ಆಮೇಲೆ ಜೇನುಗೂಡು ತಂದಿಟ್ರೂ ಮೂಸಲ್ಲ, ಮೈಯ್ಯಲ್ಲಿರೋ ಕೊಬ್ಬು ಸುಟ್ಕೊಂಡೇ ಬದುಕ್ತಾನೆ."

"ಇಷ್ಟು ವರ್ಷ ಯಾಕೆ ಕೇಳಿಸ್ಲಿಲ್ಲ?"

"ದಿನಾ ಸಕ್ಕರೆ ಸುರೀತಿದ್ರಲ್ಲ! ಸಿಹಿ ಒಳಗೆ ಹೋದ್ರೆ ಇನ್ಸುಲಿನ್ನು ಎದ್ದು ಕೂರುತ್ತೆ, ಮೈ ಇನ್ನೂ ಬೇಸಿಗೆ ಅನ್ಕೊಳುತ್ತೆ."

ಸುರಿದವರು ಯಾರೆಂದು ಸವೇತಳಿಗೆ ಗೊತ್ತಿತ್ತು. ತಲೆ ತಗ್ಗಿಸಿದಳು.

ಮೊದಲ ಹಿಮ ಬಿದ್ದ ವಾರ ಮಾರ್ಟಿನ್ ಸೇಬಿನ ಬುಟ್ಟಿಯನ್ನು ಮೂಸಿ ನೋಡಿ ಹಾಗೇ ಬಿಟ್ಟ. ಹುಲ್ಲು ಕಚ್ಚಿಕೊಂಡು ಹೋಗಿ ಗೂಡಿನೊಳಗೆ ಮುದುಡಿ ಮಲಗಿದ. ರುಕ್ಸಾಂದ್ರ ಸವೇತಳನ್ನು ತಬ್ಬಿಕೊಂಡು ಕುಣಿದಾಡಿಬಿಟ್ಟಳು. ಕ್ರಿಸ್ಮಸ್ ಹಬ್ಬಕ್ಕೆ ತವರಿಗೆ ಹೊರಡುವಾಗ ಒಂದೇ ಮಾತು ಹೇಳಿದಳು: "ಯಾರೂ ಹತ್ತಿರ ಹೋಗೋದು ಬೇಡ."

ಹೋಗದೆ ಇರುವುದು ಸವೇತಳಿಂದ ಆಗಬೇಕಲ್ಲ! ಅವಳ ಮನೆಯಲ್ಲಿ ಊಟ ಬಿಟ್ಟವರು ಯಾರೂ ಉಳಿದಿರಲಿಲ್ಲ. ಅಮ್ಮ ಮೊದಲು ಸೂಪು ಬೇಡವೆಂದಳು, ಆಮೇಲೆ ಹೋದಳು. ಗಂಡನೂ ಹಾಗೆಯೇ. ಗೂಡಿನ ಜಾಲರಿಗೆ ಕಿವಿಯಿಟ್ಟರೆ ಒಂದು ಉಸಿರು ಬಂದ ಮೇಲೆ ಇನ್ನೊಂದು ಬರುವುದೇ ಇಲ್ಲವೇನೋ ಎನ್ನಿಸುತ್ತಿತ್ತು. ಡಾಕ್ಟರಮ್ಮ ಹೇಳಿದ್ದು ತಲೆಗೆ ಹತ್ತಿತ್ತು, ಎದೆಗೆ ಇಳಿದಿರಲಿಲ್ಲ.

ಕ್ರಿಸ್ಮಸ್ಸಿಗೆ ಮುಂಚೆ ಊರವರೆಲ್ಲ ಹಬ್ಬದ ಹಂದಿ ಕಡಿಯುವ ಇಗ್ನಾತ್ ದಿನ ಪಕ್ಕದ ಮನೆಯ ಗವ್ರಿಲನೂ ಹಂದಿ ಕಡಿದ. ಆ ದಿನದ ಮೊದಲ ಬಾಣಲೆಯ ಮಾಂಸ ಹಂದಿಯ ಆತ್ಮದ ಹೆಸರಲ್ಲಿ ಹಂಚುವುದು ಪದ್ಧತಿ. ನೆರೆಯವರಲ್ಲಿ ಒಬ್ಬರನ್ನೂ ಬಿಡುವಂತಿಲ್ಲ. ಗವ್ರಿಲನಿಗೆ ಪ್ಲಮ್ ಸಾರಾಯಿ ಆಗಲೇ ಏರಿತ್ತು.

"ಎಲ್ರಿಗೂ ಪಾಲು ಹೋಯ್ತು. ನಿನ್ನ ಮುದುಕನಿಗೆ ಬೇಡ್ವೇನೆ ಸವೇತ? ಹಸ್ಕೊಂಡೇ ಸತ್ರೆ ಆ ಪಾಪ ನಿನ್ನ ತಲೆಗೇ ನೋಡು!"

ಎಲ್ಲರೂ ನಕ್ಕರು. ಸವೇತ ನಗಲಿಲ್ಲ. ಮಾಂಸದ ತುಂಡುಗಳನ್ನೂ, ಜೇನಿನಲ್ಲಿ ಅದ್ದಿದ, ಅಕ್ರೋಟ ತುಂಬಿದ ಹಬ್ಬದ ಸಿಹಿ ಬ್ರೆಡ್ಡನ್ನೂ ಶಾಲಿನೊಳಗೆ ಬಚ್ಚಿಟ್ಟುಕೊಂಡು ಹೊರಟಳು.

ಮಾರ್ಟಿನ್ ಅಲುಗಲಿಲ್ಲ. ಅವಳು ಜಾಲರಿಯೊಳಗೆ ಕೈ ತೂರಿಸಿ ಅವನ ತುಟಿಗೆ ಜೇನು ಸವರಿದಳು. ಎಷ್ಟೋ ಹೊತ್ತಿನ ಮೇಲೆ ನಾಲಿಗೆ ಹೊರಬಂತು. ಕಣ್ಣು ಅರ್ಧ ತೆರೆಯಿತು. ಒಂದು ತುಂಡು ತಿಂದ, ಇನ್ನೊಂದು ತಿಂದ.

"ಬದುಕಿದ್ಯಲ್ಲೋ ನನ್ನಪ್ಪಾ," ಎಂದು ಸವೇತ ಬಿಕ್ಕಿ ಬಿಕ್ಕಿ ಅತ್ತಳು. ಅಂಥ ಸಂತೋಷ ಅವಳ ಬಾಳಿನಲ್ಲಿ ಬಹಳ ಸಲ ಬಂದಿರಲಿಲ್ಲ. ಕ್ರಿಸ್ಮಸ್ ಮುಗಿಯುವವರೆಗೂ ದಿನಾ ಬ್ರೆಡ್ಡು, ಜೇನು ಒಯ್ದಳು.

ರುಕ್ಸಾಂದ್ರ ಮರಳಿ ಬಂದಾಗ ಮಾರ್ಟಿನ್ ಬೇಲಿಯ ಬಳಿ ಹಿಮದಲ್ಲಿ ಅತ್ತಿಂದಿತ್ತ ಅಲೆಯುತ್ತಿದ್ದ.

"ಯಾರು ತಿನ್ನಿಸಿದ್ದು?"

"ನಾನೇ. ಸತ್ತೇಹೋಗ್ತಾನೆ ಅನ್ಕೊಂಡೆ."

"ಅಯ್ಯೋ ಚಿಕ್ಕಮ್ಮ! ಮಲಗಿದ್ದಾಗಲೇ ಅಲ್ವಾ ಅವ್ನು ಬದುಕಿದ್ದು!"

"ನಾಳೆಯಿಂದ ಏನೂ ಕೊಡಲ್ಲ. ಮತ್ತೆ ಮಲಗ್ತಾನೆ, ಅಲ್ವಾ?"

ರುಕ್ಸಾಂದ್ರ ಕಣ್ಣೊರೆಸಿಕೊಂಡಳು. "ಎಳೇ ಕರಡಿ ಆಗಿದ್ರೆ ನೋಡಬಹುದಿತ್ತು. ಇವನಿಗೆ ಹಸಿವು ಎದ್ದುಬಿಟ್ಟಿದೆ. ಈಗ ಊಟ ನಿಲ್ಸಿದ್ರೆ ನಿದ್ದೆ ಬರಲ್ಲ, ಬರೀ ಹಸ್ಕೊಂಡಿರ್ತಾನೆ. ಆ ಕಿಡ್ನಿ ಅದನ್ನ ತಡೆಯಲ್ಲ. ಕೊಡ್ಲೇಬೇಕು. ನೀವೇ ಕೊಡ್ಬೇಕು, ಬೇರೆಯವರ ಕೈಲಿ ತಿನ್ನಲ್ವಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಜನವರಿಯಲ್ಲಿ, ನಿದ್ದೆಯಲ್ಲಿದ್ದ ಉಳಿದ ಕರಡಿಗಳ ಗೂಡುಗಳ ಸುತ್ತ ಹಿಮ ಹೆಜ್ಜೆಯಿಲ್ಲದೆ ಬಿದ್ದಿತ್ತು. ಅವುಗಳನ್ನು ದಾಟಿ ಸವೇತ ಬಕೆಟ್ಟು ಹೊತ್ತು ನಡೆಯುತ್ತಿದ್ದಳು. ಮಾರ್ಟಿನ್ ಅಷ್ಟು ದೂರದಿಂದಲೇ ಅವಳ ವಾಸನೆ ಹಿಡಿಯುತ್ತಿದ್ದ. ದಿನಾ ತಿಂದರೂ ಅವನ ಬೆನ್ನೆಲುಬು ಕಾಣತೊಡಗಿತ್ತು.

"ಒಂದ್ಸಲ ಮುಖ ತಿರುಗಿಸೋ," ಎಂದು ಅವಳು ಗೋಗರೆದಳು. "ಮೂಸಿ ಬಿಟ್ಟು ಹೋಗೋ, ನಿನ್ನ ದಮ್ಮಯ್ಯ."

ಅವನು ಬಕೆಟ್ಟಿನ ತಳದವರೆಗೂ ನೆಕ್ಕಿದ. ಆಮೇಲೆ ಹಿಂಗಾಲ ಮೇಲೆ ಎದ್ದು ನಿಂತು, ಹೋಟೆಲಿನಲ್ಲಿ ಸಕ್ಕರೆ ತೋರಿಸಿ ಅವಳೇ ಕಲಿಸಿದ್ದ ಹಾಗೆ, ಅವಳ ಮುಂದೆ ಮೆಲ್ಲಗೆ ಸುತ್ತು ತಿರುಗಿ ಕುಣಿದ.