ಗೋವಿನಜೋಳ ಕುಡಿದ ಮೊಪೆಡ್

ನಾನು ಒಂದು ಮೊಪೆಡ್. ಈಗ ನನ್ನ ಬಣ್ಣ ಯಾವುದೆಂದು ಹೇಳುವುದು ಕಷ್ಟ, ಹುಟ್ಟಿದಾಗ ಮಾತ್ರ ತಿಳಿನೀಲಿ ಇದ್ದೆ. ತಗಡು ಬಡಿಯುವ ಸದ್ದು ಒಂದು ಗಳಿಗೆಯೂ ನಿಲ್ಲದ ದೊಡ್ಡ ಕಾರ್ಖಾನೆಯಲ್ಲಿ ನನ್ನಂಥವು ನೂರಾರು ಒಂದೇ ದಿನ ಹುಟ್ಟಿದೆವು. ಎಲ್ಲ ಮುಗಿದ ಮೇಲೆ ಒಬ್ಬಳು ಹುಡುಗಿ ನನ್ನ ಪೆಟ್ರೋಲ್ ಟ್ಯಾಂಕಿಗೆ ಗೇಣುದ್ದದ ರಬ್ಬರ್ ಪೈಪು ಸಿಕ್ಕಿಸಿ, ಎಳೆದು ನೋಡಿ, ಮುಂದಕ್ಕೆ ತಳ್ಳಿದಳು. ಆ ಪೈಪೇ ನನ್ನ ಗಂಟಲು. ನಾನು ಕುಡಿದುದೆಲ್ಲ ಅದರಲ್ಲೇ ಇಳಿಯಬೇಕು.

ನಮ್ಮ ಜಾತಿಯ ಎಂಜಿನ್ನಿಗೆ ಬರೀ ಪೆಟ್ರೋಲ್ ಸಾಲದು. ಅದರ ಜೊತೆ ಒಂದಿಷ್ಟು ಎಣ್ಣೆ ಬೆರೆಸಬೇಕು. ಆ ಎಣ್ಣೆ ಇದ್ದರೆ ಒಳಗಿನ ಕಬ್ಬಿಣ ನುಣ್ಣಗೆ ಓಡುತ್ತದೆ, ಇಲ್ಲದಿದ್ದರೆ ಕಾದು ಒಂದಕ್ಕೊಂದು ಕಚ್ಚಿಕೊಂಡು ಅಲ್ಲಿಗೆ ಮುಗಿಯಿತು. ಇದನ್ನು ನಾನು ಕಲಿತದ್ದು ಮೊದಲ ಯಜಮಾನರಾದ ಚನ್ನವೀರಯ್ಯ ಮಾಸ್ತರರಿಂದ. ರಾಣೆಬೆನ್ನೂರಿನ ಕಡೆಯ ಹಳ್ಳಿಯೊಂದರ ಶಾಲೆಗೆ ಅವರು ನನ್ನ ಮೇಲೆ ಹದಿನಾರು ವರ್ಷ ಹೋಗಿಬಂದರು. ಪೆಟ್ರೋಲ್ ಬಂಕಿನಲ್ಲಿ ಎಣ್ಣೆ ಒಂದು ತೊಟ್ಟು ಕಡಿಮೆ ಬಿದ್ದರೂ ಮಕ್ಕಳ ಕಾಪಿ ತಿದ್ದುವ ಮುಖ ಮಾಡುತ್ತಿದ್ದರು. ಕಣ್ಣಿಗೆ ಪೊರೆ ಬಂದ ಮೇಲೆ, ತಮ್ಮ ಮನೆಗೆ ಕೋಳಿ ತತ್ತಿ ಕೊಡಲು ಬರುತ್ತಿದ್ದ ಫಕೀರವ್ವನ ಕೈಗೆ ನನ್ನ ಚಾವಿ ಇಟ್ಟರು.

ಫಕೀರವ್ವನಿಗೆ ಆಗ ನಲವತ್ತು ದಾಟಿತ್ತು. ಒಕ್ಕುವ ಕಣದಲ್ಲಿ ಮೂರು ಸಂಜೆ ಬಿದ್ದೆದ್ದು ಗಾಡಿ ಕಲಿತಳು. ಕೆಳಗಿನಿಂದ ನೋಡುವ ನನಗೆ ಅವಳೆಂದರೆ ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ಚಕ್ರಕ್ಕೆ ಸಿಕ್ಕೀತೆಂದು ಎತ್ತಿ ಕಟ್ಟಿದ ಸೀರೆಯಂಚು. ಗಂಡ ತೀರಿಕೊಂಡ ಮೇಲೆ ಹಿತ್ತಿಲ ಕೋಣೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು, ಜವಾರಿ ಕೋಳಿಮರಿ ಮಾಡಿ ಮಾರುತ್ತಿದ್ದಳು. ಮೊಟ್ಟೆ, ಮರಿ, ಕಾಳಿನ ಚೀಲ ಎಲ್ಲವನ್ನೂ ನಾನೇ ಹೊರುತ್ತಿದ್ದೆ. ಹೊರುವುದು ನನಗೆ ಎಂದೂ ಭಾರವೆನಿಸಲಿಲ್ಲ.

ಭಾರವಾದದ್ದು ಕುಡಿಯುವುದು. ಯಾವ ದಿನದಿಂದ ಎಂದು ಹೇಳಲಾರೆ, ಪೆಟ್ರೋಲಿನ ವಾಸನೆಯೇ ಬದಲಾಯಿತು. ಕುಡಿದರೆ ಏನೋ ಸಿಹಿ ಕಮಟು, ಒಳಗೆ ಬಿಸಿ. ಬೆಳಗ್ಗೆ ಏಳೆಂಟು ಸಲ ಕಿಕ್ ಹೊಡೆಯದೆ ನನಗೆ ಎಚ್ಚರವಾಗುತ್ತಿರಲಿಲ್ಲ. ಮೊದಲು ಹೋಗುತ್ತಿದ್ದಷ್ಟು ದೂರಕ್ಕೆ ಟ್ಯಾಂಕು ಸಾಲುತ್ತಿರಲಿಲ್ಲ. ಫಕೀರವ್ವ ನನ್ನನ್ನು ಮೆಕ್ಯಾನಿಕ್ ಮಕ್ತುಂಸಾಬನ ಅಂಗಡಿಗೆ ತಳ್ಳಿಕೊಂಡು ಹೋದಳು. ಅವನು ಕಾರ್ಬುರೇಟರ್ ಬಿಚ್ಚಿ, ಒಳಗಿನ ಅಂಟನ್ನು ಬೆರಳಿಗೆ ಹಚ್ಚಿ ತೋರಿಸಿದ.

"ಗೋವಿನಜ್ವಾಳದಿಂದ ಸ್ಪಿರಿಟ್ ತಗದು ಪೆಟ್ರೋಲಿಗೆ ಕೂಡಸ್ತಾರಕ್ಕ. ನೂರರಾಗ ಇಪ್ಪತ್ತು. ಹೊಸಾ ಗಾಡಿಗೋಳು ತಡಕೋತಾವು. ಇದು ಮುದುಕಿ, ಇದಕ್ಕ ಪಚನ ಆಗವಲ್ದು. ರಬ್ಬರೆಲ್ಲಾ ಉಬ್ಬೇತಿ ನೋಡು."

"ಅಂದ್ರ ನನ್ನ ಕೋಳಿ ತಿನ್ನೂ ಕಾಳನ್ನ ಇದು ಕುಡ್ಯಾಕತ್ತೇತೇನು?"

"ಹಂಗ ತಿಳಕೋ."

"ಹಂಗಾರ ಮುಂದಿನ ವಾರ ತತ್ತಿ ಇಡತತಿ ಬಿಡು, ನೋಡೂಣು!"

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಏಕೆಂದರೆ ಹಿತ್ತಿಲಲ್ಲಿ ನಿಂತು ನಾನು ನೋಡುತ್ತಿದ್ದೆ. ಪಕ್ಕದ ಹೊಲದ ಕರಬಸಪ್ಪ ಸುಗ್ಗಿ ಮುಗಿದ ಮೇಲೆ ಉಳಿದ ಗೋವಿನಜೋಳವನ್ನು ಮೊದಲೆಲ್ಲ ಫಕೀರವ್ವನಿಗೇ ಕೊಡುತ್ತಿದ್ದ. ಈಗ ಆ ಸ್ಪಿರಿಟ್ ತೆಗೆಯುವ ಎಥೆನಾಲ್ ಕಾರ್ಖಾನೆಯವರು ಒಡಕು ಕಾಳನ್ನೂ ಬಿಡದೆ ಕೊಳ್ಳುತ್ತಿದ್ದರು. ಅವನದೇನು ತಪ್ಪು? ಅವನಿಗೂ ಎಷ್ಟೋ ವರ್ಷದ ಮೇಲೆ ಒಳ್ಳೆಯ ದರ ಸಿಕ್ಕಿತ್ತು. ಆದರೆ ಫಕೀರವ್ವನ ಕೋಳಿಗಳು ಅರವತ್ತರಿಂದ ಇಪ್ಪತ್ತೆರಡಕ್ಕೆ ಇಳಿದವು. ಸಂಜೆ ಬರಿದಾದ ಕಾಳಿನ ಡಬ್ಬಿಯ ಸುತ್ತ ಅವು ಕೊರಳು ಚಾಚಿ ನಿಲ್ಲುತ್ತಿದ್ದವು. ನನ್ನ ಟ್ಯಾಂಕಿನಲ್ಲಿ ಏನೋ ಕುಲುಕಿದರೆ ನಾಚಿಕೆಯಾಗುತ್ತಿತ್ತು.

ಹಾಗಿರುವಾಗ ಚಿಕ್ಕೇರೂರಿನ ಮಹಿಳಾ ಸಂಘದವರು ನೂರಾ ನಲವತ್ತು ಮರಿ ಕೇಳಿದರು. ಇವು ಸುಸೂತ್ರ ಮುಟ್ಟಿದರೆ ಪ್ರತಿ ತಿಂಗಳೂ ನಿನ್ನ ಹತ್ತಿರವೇ, ಇಲ್ಲವಾದರೆ ದೊಡ್ಡ ಫಾರ್ಮಿನಿಂದ ತರಿಸುತ್ತೇವೆ ಎಂದರು. ಇದೊಂದು ಕೈತಪ್ಪಿದರೆ ಕಾವಿನ ಪೆಟ್ಟಿಗೆಯನ್ನು ಮಾರಿ ಕೂಲಿಗೆ ಹೋಗುವುದೇ ಎಂದು ಫಕೀರವ್ವ ತನ್ನಷ್ಟಕ್ಕೆ ಹೇಳಿಕೊಂಡದ್ದನ್ನು ನಾನು ಕೇಳಿಸಿಕೊಂಡೆ. ಮೊಟ್ಟೆಗಳನ್ನು ಕಾವಿಗೆ ಇಟ್ಟಳು. ಇಪ್ಪತ್ತೊಂದನೆಯ ದಿನ ಮರಿ ಹೊರಬರುತ್ತವೆ. ಅವಕ್ಕೆ ಹಬ್ಬ ಗೊತ್ತೇ? ಆ ದಿನ ಸರಿಯಾಗಿ ವಿಜಯದಶಮಿಗೆ ಬಂತು.

ಹಿಂದಿನ ದಿನ ಆಯುಧಪೂಜೆ. ಫಕೀರವ್ವ ನನ್ನನ್ನು ಅಂಗಳಕ್ಕೆ ತಂದು, ಎತ್ತಿನ ಮೈ ತೊಳೆದಂತೆ ಕೊಡಗಟ್ಟಲೆ ನೀರು ಹೊಯ್ದು ತಿಕ್ಕಿದಳು. ತಲೆಯ ಮೇಲೂ ಹೊಯ್ದಳು. ಟ್ಯಾಂಕಿನ ಮುಚ್ಚಳದ ಒಳಗಿನ ರಬ್ಬರ್ ಬಿಲ್ಲೆ ಉಬ್ಬಿ ಸೊಟ್ಟಗಾಗಿ ಬಾಯಿಗೆ ಕೂರುತ್ತಿರಲಿಲ್ಲ. ಸಂದಿಯಿಂದ ನೀರು ತಣ್ಣಗೆ ಇಳಿಯುವುದು ನನಗೆ ತಿಳಿಯಿತು. ಒಂದು ಗುಟುಕು, ಇನ್ನೊಂದು, ಹತ್ತಿರ ಹತ್ತಿರ ಅರ್ಧ ಲೋಟ. ಕೂಗಬೇಕೆನಿಸಿತು. ನನ್ನ ಹಾರ್ನು ಯಾರಾದರೂ ಒತ್ತಿದರಷ್ಟೇ ಕೂಗುತ್ತದೆ. ವಿಭೂತಿ ಬಳಿದಳು, ಚೆಂಡುಹೂವಿನ ಮಾಲೆ ಹಾಕಿದಳು, ಕಾಯಿ ಒಡೆದಳು. ಪೂಜೆಯಾದ ಗಾಡಿಯನ್ನು ಮಾರನೆಯ ದಿನದವರೆಗೆ ಮುಟ್ಟಬಾರದೆಂದು ನಮ್ಮಲ್ಲಿ ಪದ್ಧತಿ. ಹಾಗಾಗಿ ಒಂದು ಸಲ ಚಾಲೂ ಮಾಡಿ ನೋಡುವವರೂ ಇರಲಿಲ್ಲ.

ಬೆಳಗ್ಗೆ ರಂಧ್ರ ಕೊರೆದ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಮರಿಗಳನ್ನು ತುಂಬಿ ಹಿಂದೆ ಕಟ್ಟಿದಳು. ಬೆನ್ನ ಮೇಲೆ ನೂರಾ ನಲವತ್ತು ಜೀವಗಳ ಚಿಂವ್‌ಚಿಂವ್. ಅಚ್ಚರಿಯೆಂದರೆ ನಾನು ಓಡಿದೆ. ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು, ಅದನ್ನು ತಪ್ಪಿಸಿ ತಪ್ಪಿಸಿ ಹತ್ತು ಕಿಲೋಮೀಟರ್ ಓಡಿದೆ. ಆಮೇಲೆ ನಳಕ್ಕೆ ಎಟುಕುವಷ್ಟು ಪೆಟ್ರೋಲ್ ಮುಗಿಯಿತು. ಅವಳು ಎಂದಿನಂತೆ ನಳ ತಿರುಗಿಸಿ, ತಳದಿಂದ ಎಳೆಯುವ ರಿಸರ್ವಿಗೆ ಹಾಕಿದಳು. ತಳದಲ್ಲಿದ್ದದ್ದು ಗಂಟಲಿಗೆ ಬಂತು. ಎರಡು ಸಲ ಕೆಮ್ಮಿ ನಿಂತುಬಿಟ್ಟೆ.

ಬಿಸಿಲು ಏರುತ್ತಿತ್ತು. ಹತ್ತಿರ ಊರಿಲ್ಲ, ಒಂದೇ ಒಂದು ಜಾಲಿಮರ. ಹಬ್ಬದ ದಿನ ಬಸ್ಸೂ ಇಲ್ಲ. ಫಕೀರವ್ವ ಪೆಟ್ಟಿಗೆಗಳನ್ನು ಇಳಿಸಿ ನೆರಳಿಗಿಟ್ಟು ಮಕ್ತುಂಸಾಬನಿಗೆ ಫೋನ್ ಹಚ್ಚಿದಳು. ಅವನ ದನಿ ನನಗೂ ಕೇಳಿಸಿತು.

"ಕಿಕ್ ಹೊಡೀಬ್ಯಾಡಕ್ಕ! ನಿನ್ನಿ ಗಾಡಿ ಮೈ ತೊಳದೀಯೇನು?"

"ಹಬ್ಬಕ್ಕ ತೊಳೀದ ಇರ್ತಾರೇನಪಾ?"

"ಪೈಪು ಕಿತ್ತು ಬಾಟ್ಲಿಗೆ ಬಿಟ್ಟು ನೋಡು."

ಅವಳು ಪೈಪು ಎಳೆದಳು. ಉಬ್ಬಿದ ರಬ್ಬರ್ ಸುಲಭಕ್ಕೆ ಬರಲಿಲ್ಲ, ಜಗ್ಗಿದಾಗ ತುದಿಯಲ್ಲಿ ಸಣ್ಣಗೆ ಸೀಳಿತು. ಅವಳು ಗಮನಿಸಲಿಲ್ಲ. ಖಾಲಿಯಾಗಿದ್ದ ನೀರಿನ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದರೆ ನಡುವೆ ಗೆರೆ ಎಳೆದಂತೆ ಎರಡು ಪದರ.

"ನೀರು ಸ್ಪಿರಿಟ್ಟನ್ನ ಎಳಕೊಂಡು ಕೆಳಗ ಕುಂತೇತಿ" ಎಂದ ಮಕ್ತುಂಸಾಬ. "ಎಣ್ಣಿ ಎಲ್ಲಾ ಮ್ಯಾಲಿಂದ್ರಾಗ ಉಳದತಿ. ಕೆಳಗಿಂದು ಕುಡಿದು ಓಡಿದ್ರ ಎಂಜಿನ್ ಹಿಡಕೊಂತತಿ. ಮ್ಯಾಲಿಂದಷ್ಟ ವಾಪಸ್ ಹಾಕು."

ಫಕೀರವ್ವ ಪೈಪನ್ನು ಮತ್ತೆ ಸಿಕ್ಕಿಸಿ, ಸಾರಿನ ಮೇಲಿನ ತಿಳಿ ಬಗ್ಗಿಸುವ ಕೈಯಿಂದ ಮೇಲಿನ ಪದರವನ್ನು ಟ್ಯಾಂಕಿಗೆ ಬಗ್ಗಿಸಿದಳು. "ನಾನ ನಿನ್ನ ಕೆಡಿಸಿದ್ನೆವ್ವಾ, ಜಳಕಾ ಮಾಡಿಸಿ ಕೆಡಿಸಿದ್ನೆ" ಎಂದಳು. ಹಿಂದಿನ ವರ್ಷಗಳಲ್ಲೂ ಅಷ್ಟಿಷ್ಟು ನೀರು ಇಳಿಯುತ್ತಿತ್ತು. ಆಗ ಎಳೆದುಕೊಳ್ಳಲು ಸ್ಪಿರಿಟ್ ಇರಲಿಲ್ಲ, ಅದು ತಳದಲ್ಲಿ ಚಮಚದಷ್ಟು ಸುಮ್ಮನೆ ಕೂರುತ್ತಿತ್ತು, ಮಕ್ತುಂಸಾಬ ಬಂದಾಗ ಬಸಿದು ಚೆಲ್ಲುತ್ತಿದ್ದ. ನಿನ್ನ ತಪ್ಪಲ್ಲ ತಾಯಿ ಎಂದು ಹೇಳಲು ನನಗೆ ಬಾಯಿ ಎಲ್ಲಿದೆ?

ಒಂಬತ್ತನೆಯ ಕಿಕ್ಕಿಗೆ ಎದ್ದೆ. ಅರ್ಧ ಕಿಲೋಮೀಟರ್ ಹೋಗಿರಬೇಕು, ಸೀಳಿದ ಪೈಪಿನಿಂದ ಪೆಟ್ರೋಲ್ ಹನಿಯತೊಡಗಿತು. ಕೆಳಗೆ ಕಾದ ಎಂಜಿನ್. ಹನಿ ಬಿದ್ದಾಗೊಮ್ಮೆ ಚುಸ್ ಎನ್ನುತ್ತಿತ್ತು. ಓಡಿದರೆ ಬೆಂಕಿ, ನಿಂತರೆ ಬಿಸಿಲು, ಬೆನ್ನ ಮೇಲೆ ಅವು. ನನ್ನ ಬಾಳಿನಲ್ಲಿ ಅಷ್ಟು ಹೆದರಿದ್ದು ಮತ್ತೆಂದೂ ಇಲ್ಲ. ಪುಣ್ಯಕ್ಕೆ ಫಕೀರವ್ವನಿಗೆ ವಾಸನೆ ಬಡಿಯಿತು. ಆರಿಸಿ, ಧುಮುಕಿ, ಪೆಟ್ಟಿಗೆ ಬಿಚ್ಚಿ ದೂರ ಒಯ್ದಳು. ಮುಚ್ಚಳ ತೆರೆದರೆ ಮರಿಗಳು ಕೊಕ್ಕು ಬಿಟ್ಟುಕೊಂಡು ಏದುತ್ತಿದ್ದವು. ಚಿಂವ್‌ಚಿಂವ್ ಸದ್ದು ಕಡಿಮೆಯಾಗಿತ್ತು. ಅವಳು ಇನ್ನೊಂದು ಬಾಟಲಿಯ ನೀರಿನಿಂದ ಸೆರಗನ್ನು ಒದ್ದೆ ಮಾಡಿ ಪೆಟ್ಟಿಗೆಗಳ ಮೇಲೆ ಹಿಡಿದು, ಬರುವ ಗಾಡಿಯನ್ನು ತಡೆಯಲು ರಸ್ತೆಯ ನಡುವೆಯೇ ನಿಂತಳು.

ಬಂದದ್ದು ಕರಬಸಪ್ಪನ ಟ್ರ್ಯಾಕ್ಟರ್. ಹಿಂದೆ ಟ್ರಾಲಿ ತುಂಬ ಗೋವಿನಜೋಳ. ಕಾರ್ಖಾನೆಗೆ ಹೊರಟಿದ್ದ.

"ಏನಕ್ಕ, ಹಬ್ಬದಾಗ ನಡುರಸ್ತ್ಯಾಗ? ಕಾಯಿ ಒಡದದ್ದು ಸಾಲಲಿಲ್ಲಂತೇನು ಇದಕ್ಕ, ಸೀರಿ ಉಡಸಬೇಕಿತ್ತೇನು?"

"ಚ್ಯಾಷ್ಟಿ ಆಮ್ಯಾಲೆ ಮಾಡು, ಕರಬಸು. ಮರಿ ಸಾಯಾಕತ್ತಾವು."

ಅವನ ನಗೆ ನಿಂತಿತು. ಚಿಕ್ಕೇರೂರಿನೊಳಗೆ ಹೊಕ್ಕರೆ ಕಾರ್ಖಾನೆಯಲ್ಲಿ ಅವನ ಪಾಳಿ ತಪ್ಪುತ್ತಿತ್ತು, ಮರುದಿನದವರೆಗೆ ಸಾಲಿನಲ್ಲಿ ಕಾಯಬೇಕು. ಆದರೂ ಟ್ರಾಲಿಯ ಕಡೆ ಕೈ ತೋರಿಸಿ, "ಹತ್ತು, ಹತ್ತು" ಎಂದ. ಕಾಳಿನ ರಾಶಿಯಲ್ಲಿ ಗುಳಿ ಮಾಡಿ ಪೆಟ್ಟಿಗೆಗಳನ್ನು ಕೂರಿಸಿ, ಮೇಲೆ ಅವನ ಕುಡಿಯುವ ನೀರಿನಿಂದ ತೋಯಿಸಿದ ಗೋಣಿ ಚೀಲವನ್ನು ಎತ್ತರಕ್ಕೆ ಹಿಡಿದು ಫಕೀರವ್ವ ಕುಳಿತಳು. "ಗಾಡೀನೂ ಏರಸೂಣೇನು?" ಎಂದು ಅವನು ಕೇಳಿದ. "ಬ್ಯಾಡ, ಪೆಟ್ರೋಲ್ ಸೋರಾಕತ್ತೇತಿ" ಎಂದಳು. ಅವರು ಹೋದರು.

ನಾನು ರಸ್ತೆಯ ಬದಿಗೆ ಉಳಿದೆ. ಆ ಮಧ್ಯಾಹ್ನ ಎಷ್ಟು ಉದ್ದವಿತ್ತು! ಪ್ರತಿ ಸದ್ದಿಗೂ ಅವರೇ ಎನಿಸುತ್ತಿತ್ತು. ಎಷ್ಟು ಉಳಿದವು? ಉಳಿದವೇ? ಇದ್ದಷ್ಟು ಪೆಟ್ರೋಲ್ ಹನಿಹನಿಯಾಗಿ ಮಣ್ಣಿಗೆ ಇಳಿದುಹೋಯಿತು.

ಬಿಸಿಲು ಇಳಿದ ಮೇಲೆ ಫಕೀರವ್ವ ಮಕ್ತುಂಸಾಬನೊಡನೆ ಬಂದಳು. ಅವನಿಗೆ ಹೇಳುತ್ತಿದ್ದಳು, ನನಗಲ್ಲ: "ಹನ್ನೊಂದು ಮರಿ ಹ್ವಾದು. ಉಳದದ್ದು ತಗೊಂಡ್ರು. ಪ್ರತಿ ತಿಂಗಳಾ ತರಬೇಕಂತ. ಆದ್ರ ಈ ಗಾಡಿ ಮ್ಯಾಲೆ ಮಾತ್ರ ತರಬ್ಯಾಡ ಅಂದ್ರು."

ಹನ್ನೊಂದು. ಆ ಸಂಖ್ಯೆ ನನ್ನೊಳಗೆ ಇವತ್ತಿಗೂ ಇಳಿಯದೆ ನಿಂತಿದೆ.

ಮಕ್ತುಂಸಾಬ ಹೊಸ ಪೈಪು ಹಾಕುತ್ತೇನೆಂದ. ಅವಳು ನನ್ನ ಸೀಟಿನ ಮೇಲೆ ಕೈಯಿಟ್ಟು ಬೇಡವೆಂದಳು. ಮಾರಲೂ ಇಲ್ಲ. ಈಗ ನಾನು ಹಿತ್ತಿಲ ಕೋಣೆಯ ಮೂಲೆಯಲ್ಲಿದ್ದೇನೆ. ಮರಿಗಳು ಬಾಡಿಗೆಯ ಗೂಡ್ಸ್ ಆಟೋದಲ್ಲಿ ಚಿಕ್ಕೇರೂರಿಗೆ ಹೋಗುತ್ತವೆ. ಈ ಸುಗ್ಗಿಗೆ ಕರಬಸಪ್ಪ ಕಾಳು ಕೊಟ್ಟಿದ್ದಾನೆ. ಮುಂದಿನ ಸುಗ್ಗಿಗೆ ಎಂದು ಫಕೀರವ್ವ ಕೇಳಿದರೆ, "ಆವಾಗಿಂದು ಆವಾಗ ನೋಡೂಣಕ್ಕ" ಎಂದು ಕಣ್ಣು ತಪ್ಪಿಸಿದ.

ನನಗೆ ಈಗ ಹಸಿವೂ ಇಲ್ಲ, ಬಾಯಾರಿಕೆಯೂ ಇಲ್ಲ. ಸಂಜೆ ರಸ್ತೆಯಲ್ಲಿ ತುಂಬಿದ ಟ್ರಾಲಿಗಳು ಒಂದರ ಹಿಂದೆ ಒಂದು ಗಡಗಡಿಸಿ ಹೋಗುವಾಗ, ನನ್ನ ಕೆಳಗೆ ಮಣ್ಣು ಕೆದಕುವ ಮರಿಗಳು ಒಮ್ಮೆಗೇ ತಲೆಯೆತ್ತುತ್ತವೆ. ನಾನೂ ಅವುಗಳ ಜೊತೆ ಕಿವಿಗೊಡುತ್ತೇನೆ, ಯಾವುದಾದರೂ ಒಂದು ಟ್ರಾಲಿ ನಮ್ಮ ಬಾಗಿಲಲ್ಲಿ ನಿಲ್ಲುವುದೋ ಎಂದು.